ಕಡಲ ದಂಡೆಯ ಸಣ್ಣ ದೋಣಿ: ನಿಲ್ಲಿಸುವ ಮತ್ತು ಇಳಿಸುವ ಕಷ್ಟಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದ ತೀರದಲ್ಲಿ ನಾಡದೋಣಿ ಇಟ್ಟುಕೊಂಡವರ ನಡುವೆ ಮೀನಿನ ಮಾತಿನಷ್ಟೇ ಸಲ ಬರುವ ಇನ್ನೊಂದು ಮಾತೆಂದರೆ ದೋಣಿಯನ್ನು ಎಲ್ಲಿಡುವುದು, ನೀರಿಗೆ ಹೇಗೆ ಇಳಿಸುವುದು ಎಂಬುದು. ಹರಾಜಿನ ಜಾಗದಲ್ಲಿ, ಸಂಘದ ಸಭೆಗಳಲ್ಲಿ ಮತ್ತು ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ನಾಡದೋಣಿಯ ಮನೆಯಲ್ಲಿ ಬೆಳೆದವನಾದ್ದರಿಂದ ಕೆಲವು ಕಡೆ ನನ್ನ ಅಭಿಪ್ರಾಯವನ್ನೂ ಮುಚ್ಚಿಡದೆ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಸಣ್ಣ ದೋಣಿ ಎಂದು ಯಾವುದನ್ನು ಹೇಳುತ್ತೀರಿ? ನಮ್ಮ ಪಾತಿದೋಣಿಯೂ ಅದರಲ್ಲಿ ಸೇರುತ್ತದೆಯೇ?

ಸೇರುತ್ತದೆ. ನಮ್ಮ ಕಡೆ ‘ಬೋಟ್’ ಎಂದರೆ ಒಡಲೊಳಗೆ ಎಂಜಿನ್ ಕೂರಿಸಿದ ಟ್ರಾಲ್‌ಬೋಟ್ ಅಥವಾ ಪರ್ಸೀನ್ ಬೋಟ್. ‘ದೋಣಿ’ ಎಂದರೆ ಹುಟ್ಟು ಹಾಕಿ ನಡೆಸುವಂಥದ್ದು, ಇಲ್ಲವೇ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಸಿಕ್ಕಿಸಿಕೊಂಡು ಹೋಗುವಂಥದ್ದು. ಮರದ ಪಾತಿದೋಣಿ, ಗಿಲ್‌ನೆಟ್ ಬಿಡುವ ಫೈಬರ್ ದೋಣಿ, ದಡದಿಂದ ಎಳೆಯುವ ಬಲೆಯಾದ ಕೈರಂಪಣಿಯ ದೋಣಿ ಇವೆಲ್ಲವೂ ಈ ಉತ್ತರಗಳ ವ್ಯಾಪ್ತಿಗೆ ಬರುತ್ತವೆ. ಇವೆಲ್ಲಕ್ಕೂ ಸಮಾನವಾದ ಸಂಗತಿ ಒಂದಿದೆ: ಇವು ಧಕ್ಕೆಯನ್ನು, ಅಂದರೆ ಬೋಟು ನಿಲ್ಲಿಸುವ ಕಟ್ಟೆಯನ್ನು, ನಂಬಿದವುಗಳಲ್ಲ, ಮರಳನ್ನು ನಂಬಿದವು.

ಅಷ್ಟು ದೊಡ್ಡ ಬಂದರು ಕಟ್ಟಿದ್ದಾರಲ್ಲ, ಎಲ್ಲರೂ ಅಲ್ಲಿಯೇ ದೋಣಿ ನಿಲ್ಲಿಸಿದರೆ ಆಗದೇ?

ಊರ ಹೊರಗಿನವರು ಈ ಪ್ರಶ್ನೆಯನ್ನು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ ಮತ್ತು ಕಾರವಾರದ ಬೈತಖೋಲ ನಮ್ಮ ಮುಖ್ಯ ಮೀನುಗಾರಿಕೆ ಬಂದರುಗಳು. ಇವುಗಳ ನಡುವೆ ಹತ್ತಾರು ಕಿಲೋಮೀಟರ್ ತೆರೆದ ಮರಳು ದಂಡೆಯಿದ್ದು, ಅದರ ಉದ್ದಕ್ಕೂ ಮೀನುಗಾರರ ಮನೆಗಳಿವೆ. ದೋಣಿಯನ್ನು ಬಂದರಿನಲ್ಲಿಟ್ಟರೆ ಪ್ರತಿದಿನ ಬೆಳಗಿನ ಜಾವ ಅಲ್ಲಿಗೆ ಹೋಗುವ ಖರ್ಚು, ಅಲ್ಲಿಂದ ತನ್ನ ಊರಿನ ಮುಂದಿನ ಕಡಲಿಗೆ ಮರಳಿ ಬರುವ ಇಂಧನ, ರಾತ್ರಿ ಬಲೆ ಮತ್ತು ಎಂಜಿನ್ ಕಾಯುವ ಚಿಂತೆ ಇವು ಮೂರೂ ಕೂಡುತ್ತವೆ. ಹತ್ತು ಬುಟ್ಟಿ ಮೀನು ತರುವ ದೋಣಿ ಈ ಖರ್ಚನ್ನು ತಾಳುವುದಿಲ್ಲ.

ಬಂದರಿನ ಒಳಗೂ ಸಣ್ಣ ದೋಣಿಗೆ ನೆಮ್ಮದಿಯಿಲ್ಲ. ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ಎಲ್ಲ ಬೋಟುಗಳೂ ಸಜ್ಜಾಗುವ ದಿನಗಳಲ್ಲಿ ಮಲ್ಪೆಯಂಥ ಬಂದರಿನಲ್ಲಿ ಬೋಟುಗಳು ಒಂದರ ಪಕ್ಕ ಒಂದರಂತೆ ಹಲವು ಸಾಲುಗಳಲ್ಲಿ ನಿಲ್ಲುತ್ತವೆ. ಒಳಗಿನ ಸಾಲಿನ ಬೋಟ್ ಹೊರಡಬೇಕಾದರೆ ಹೊರಗಿನವು ಸರಿಯಬೇಕು. ಈ ನೂಕಾಟದ ನಡುವೆ ಸಿಕ್ಕಿದ ಫೈಬರ್ ದೋಣಿಯ ಅಂಚು ಒಂದೇ ಒತ್ತಿಗೆ ಸೀಳುತ್ತದೆ. ಧಕ್ಕೆಯ ಎತ್ತರವೂ ದೊಡ್ಡ ಬೋಟಿನ ಅಳತೆಗೆ ಕಟ್ಟಿದ್ದಾದ್ದರಿಂದ ಇಳಿತದ ಹೊತ್ತಿನಲ್ಲಿ ದೋಣಿಯಿಂದ ಮೇಲಕ್ಕೆ ಬುಟ್ಟಿ ಎತ್ತುವುದೇ ಒಂದು ಸಾಹಸವಾಗುತ್ತದೆ. ಇದರ ಜೊತೆಗೆ, ದೋಣಿ ಮನೆಯೆದುರು ಬಂದರೆ ಮಾತ್ರ ಮನೆಯ ಹೆಂಗಸರು ತಾಜಾ ಮೀನನ್ನು ಆಗಲೇ ಬುಟ್ಟಿಗೆ ತುಂಬಿ ಪೇಟೆಗೆ ಹೊರಡಬಲ್ಲರು. ಬಂದರಿನ ಹರಾಜಿನಲ್ಲಿ ಅವರು ದೊಡ್ಡ ವ್ಯಾಪಾರಿಗಳೊಂದಿಗೆ ಪೈಪೋಟಿಗೆ ನಿಲ್ಲಬೇಕಾಗುತ್ತದೆ.

ಹೊಳೆಯ ಒಳಗೆ ಕಟ್ಟಿಟ್ಟು ಅಳಿವೆಯ ಮೂಲಕ ಹೋಗಿ ಬಂದರೆ ಎಳೆಯುವ ಕಷ್ಟವೇ ಇಲ್ಲವಲ್ಲ?

ಹೊಳೆ ಹತ್ತಿರವಿದ್ದವರಿಗೆ ಇದೇ ಒಳ್ಳೆಯ ದಾರಿ. ಮೂಲ್ಕಿಯ ಶಾಂಭವಿ, ಕೋಡಿಬೆಂಗ್ರೆಯಲ್ಲಿ ಕಡಲು ಸೇರುವ ಸ್ವರ್ಣಾ ಮತ್ತು ಸೀತಾ, ಗಂಗೊಳ್ಳಿಯ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ತದಡಿಯ ಅಘನಾಶಿನಿ ಇವುಗಳ ಒಳನೀರು ದೋಣಿಗೆ ತೊಟ್ಟಿಲಿನಂತಿದೆ. ತೊಂದರೆ ಇರುವುದು ಹೊಳೆ ಕಡಲು ಸೇರುವ ಬಾಯಿಯಾದ ಅಳಿವೆಯಲ್ಲಿ. ಹೊಳೆ ತಂದ ಹೂಳೂ ಕಡಲು ತಳ್ಳಿದ ಮರಳೂ ಅಲ್ಲಿ ಕೂಡಿ ದಿಬ್ಬವಾಗುತ್ತವೆ. ಮಳೆಗಾಲ ಕಳೆದ ಮೇಲೆ ನೋಡಿದರೆ ಹಿಂದಿನ ವರ್ಷದ ಕಾಲುವೆ ಇದ್ದ ಜಾಗದಲ್ಲಿ ದಿಬ್ಬ, ದಿಬ್ಬ ಇದ್ದ ಜಾಗದಲ್ಲಿ ಕಾಲುವೆ ಇರುವುದುಂಟು.

ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ನುಗ್ಗುವಾಗ ಎದುರಿನಿಂದ ಕಡಲ ಅಲೆ ಬಂದರೆ ಅಲೆಗಳ ನಡುವಿನ ಅಂತರ ಕಿರಿದಾಗಿ, ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಅಳಿವೆಯಲ್ಲಿ ದೋಣಿಗಳು ಮಗುಚಲು ಇದು ದೊಡ್ಡ ಕಾರಣ. ಆದ್ದರಿಂದ ಒಳಗೆ ಬರುವವರು ಉಬ್ಬರ ಏರುತ್ತಿರುವ ಅಥವಾ ತುಂಬಿ ನಿಂತಿರುವ ಹೊತ್ತನ್ನು ಆರಿಸಿಕೊಳ್ಳಬೇಕು. ಸಂಜೆ ಮನೆ ಸೇರುವ ಆತುರದಲ್ಲಿ ಇಳಿತದ ನಡುವೆ ನುಗ್ಗುವುದಕ್ಕಿಂತ ಹೊರಗೆ ಲಂಗರು ಹಾಕಿ ಎರಡು ಗಂಟೆ ಕಾಯುವುದು ಮೇಲು.

ಕಡಲಿನಲ್ಲೇ ಲಂಗರು ಹಾಕಿ ಬಿಟ್ಟರೆ ಏನಾಗುತ್ತದೆ? ರಂಪಣಿಯ ಕಾಲದವರು ಹಾಗೆ ಮಾಡುತ್ತಿದ್ದರಂತೆ.

ನವೆಂಬರಿನಿಂದ ಫೆಬ್ರವರಿಯವರೆಗೆ ಕಡಲು ಶಾಂತವಾಗಿರುವಾಗ ಅನೇಕರು ಈಗಲೂ ಹಾಗೆ ಮಾಡುತ್ತಾರೆ. ಅಲೆ ಒಡೆಯುವ ಗೆರೆಯಿಂದ ಸಾಕಷ್ಟು ಹೊರಗೆ ನಿಲ್ಲಿಸಬೇಕು, ಮತ್ತು ಲಂಗರಿನ ಹಗ್ಗವನ್ನು ನೀರಿನ ಆಳದ ಐದರಿಂದ ಏಳು ಪಟ್ಟು ಬಿಡಬೇಕು. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಮರಳಿನಿಂದ ಕಿತ್ತು ಬರುತ್ತದೆ. ಎಂಜಿನ್ ಕಳಚಿ ಮನೆಗೆ ತರುವುದನ್ನು ಮರೆಯಬಾರದು. ಮಾರ್ಚ್ ದಾಟಿದ ಮೇಲೆ ಮಧ್ಯಾಹ್ನದ ವಾಯವ್ಯ ಗಾಳಿ ಬಲವಾಗುವುದರಿಂದ ಈ ಕ್ರಮವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಉತ್ತರ ಕನ್ನಡದವರಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲವಿದೆ. ಕಾರವಾರ, ಬೇಲೆಕೇರಿ, ತದಡಿಯ ಆಸುಪಾಸಿನಲ್ಲಿ ಗುಡ್ಡಗಳು ಕಡಲಿಗೆ ಚಾಚಿಕೊಂಡು ಮರೆ ಕೊಡುತ್ತವೆ. ಉಡುಪಿ ಮತ್ತು ದಕ್ಷಿಣ ಕನ್ನಡದ ದಂಡೆ ಬಹುಪಾಲು ನೇರವಾಗಿ ತೆರೆದುಕೊಂಡಿದೆ.

ಮರಳಿನ ಮೇಲೆ ಎಷ್ಟು ಮೇಲಕ್ಕೆ ಎಳೆದಿಟ್ಟರೆ ಭಯವಿಲ್ಲ?

ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಚೀಚಿನ ದಿನಗಳಲ್ಲಿ ಉಬ್ಬರ ಹೆಚ್ಚು ಏರುತ್ತದೆ. ಆ ದಿನಗಳ ನೀರು ಬಿಟ್ಟುಹೋದ ಕಸದ ಗೆರೆಯನ್ನು ಗುರುತು ಮಾಡಿಕೊಳ್ಳಿ. ದೋಣಿ ಆ ಗೆರೆಗಿಂತ ಮೇಲೆ, ಸಾಧ್ಯವಾದರೆ ಬಂಗುಡೆಬಳ್ಳಿ ಹಬ್ಬಿದ ಅಂಚಿನವರೆಗೆ ಬರಬೇಕು. ಬಳ್ಳಿ ಹಬ್ಬಿರುವುದೇ ಅಲ್ಲಿಗೆ ಉಪ್ಪುನೀರು ಪದೇ ಪದೇ ಬರುವುದಿಲ್ಲ ಎಂಬುದರ ಸೂಚನೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ: ಇಂದು ಸಂಜೆ ಆರಕ್ಕೆ ನೀರು ತುಂಬಿದ್ದರೆ ನಾಳೆ ಆರು ಐವತ್ತರ ಹೊತ್ತಿಗೆ ತುಂಬುತ್ತದೆ.

ಈ ಲೆಕ್ಕವನ್ನು ತಪ್ಪಿಸುವ ಸಂಗತಿ ಇನ್ನೊಂದಿದೆ. ಗಾಳಿಯೂ ಇಲ್ಲ, ಮಳೆಯೂ ಇಲ್ಲ, ಆಕಾಶ ತಿಳಿಯಾಗಿದೆ, ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಕೆಲವು ದಿನ ನೀರು ಒಮ್ಮೆಲೇ ದಂಡೆ ಹತ್ತಿ ದೋಣಿಗಳನ್ನು ಎಳೆದುಕೊಂಡು ಹೋಗುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಎದ್ದ ಉದ್ದನೆಯ ಅಲೆಗಳು ಹಲವು ದಿನ ಪಯಣಿಸಿ ನಮ್ಮ ತೀರಕ್ಕೆ ಬರುವುದು ಇದಕ್ಕೆ ಕಾರಣ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’, ಅಂದರೆ ಕಳ್ಳನಂತೆ ಬರುವ ಕಡಲು, ಎಂದು ಕರೆಯುತ್ತಾರೆ. ವಿಜ್ಞಾನಿಗಳೂ ಅದೇ ಹೆಸರನ್ನು ಬಳಸುತ್ತಾರೆ. ಸಾಗರ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಆ ಸೂಚನೆ ಬಂದ ದಿನ ಆಕಾಶ ನೋಡಿ ಉದಾಸೀನ ಮಾಡಬೇಡಿ.

## ಇಳಿಸುವುದು, ಏರಿಸುವುದು

‘ಅಲೆ ನೋಡಿ ಇಳಿಸು’ ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು. ನಿಜವಾಗಿ ಏನನ್ನು ನೋಡಬೇಕು?

ನಿಮ್ಮ ತಂದೆಯವರು ಆ ಮೂರು ಪದಗಳಲ್ಲಿ ಹೇಳಿದ್ದನ್ನು ಬಿಡಿಸಿ ಹೇಳಲು ನನಗೆ ಇಡೀ ಉತ್ತರ ಬೇಕು.

ಮೊದಲನೆಯದಾಗಿ, ಅಲೆ ಎಲ್ಲಿ ಒಡೆಯುತ್ತದೆ ಎಂಬುದನ್ನು ನೋಡಬೇಕು. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುಗ್ಗರಿಸಿ ಒಡೆಯುತ್ತದೆ. ಅಂದರೆ ಒಂದು ಮೀಟರ್ ಎತ್ತರದ ಅಲೆ ಎದೆಮಟ್ಟದ ನೀರಿನಲ್ಲಿ ಒಡೆಯುತ್ತದೆ. ಬಿಳಿ ನೊರೆ ಯಾವ ಗೆರೆಯಲ್ಲಿ ಏಳುತ್ತದೆ ಎಂಬುದನ್ನು ನೋಡಿದರೆ ಮರಳಿನ ದಿಬ್ಬ ಎಲ್ಲಿದೆ ಎಂಬುದು ನೀರಿಗೆ ಇಳಿಯದೆಯೇ ತಿಳಿಯುತ್ತದೆ. ಆ ನೊರೆಯ ಗೆರೆಯಲ್ಲಿ ಅಲ್ಲಲ್ಲಿ ಬಿಡುವು ಕಾಣುತ್ತದೆ, ಅಲ್ಲಿ ನೀರು ಕಪ್ಪಗೆ ಇರುತ್ತದೆ ಮತ್ತು ಅಲೆ ಕಡಿಮೆ ಒಡೆಯುತ್ತದೆ. ದಡಕ್ಕೆ ಬಂದ ನೀರು ಹಿಂದಕ್ಕೆ ಹರಿದು ಕೊರೆದ ಓಣಿ ಅದು. ಈಜುವವರ ಪ್ರಾಣಕ್ಕೆ ಎರವಾಗುವ ಇದೇ ಓಣಿ ಹೊರಗೆ ಹೋಗುವ ದೋಣಿಗೆ ದಾರಿಯಾಗುತ್ತದೆ.

ಎರಡನೆಯದಾಗಿ, ಅಲೆಗಳ ಎಣಿಕೆ. ಅಲೆಗಳು ಒಂದೇ ಸಮನೆ ಬರುವುದಿಲ್ಲ. ಕೆಲವು ದೊಡ್ಡವು ಗುಂಪಾಗಿ ಬಂದು, ಅನಂತರ ಸ್ವಲ್ಪ ಹೊತ್ತು ಸಣ್ಣವು ಬರುತ್ತವೆ. ಹತ್ತು ಹದಿನೈದು ನಿಮಿಷ ಸುಮ್ಮನೆ ನಿಂತು ನೋಡಿದರೆ ಆ ದಿನದ ಕ್ರಮ ಕಣ್ಣಿಗೆ ಹಿಡಿಯುತ್ತದೆ. ದೊಡ್ಡ ಗುಂಪಿನ ಕೊನೆಯ ಅಲೆ ದಡ ಮುಟ್ಟುತ್ತಿದ್ದಂತೆ, ಅದರ ನೀರು ಹಿಂದಕ್ಕೆ ಸರಿಯುವಾಗ ದೋಣಿಯನ್ನೂ ತಳ್ಳಬೇಕು. ಹಿಂದೆ ಸರಿಯುವ ನೀರು ಅರ್ಧ ಕೆಲಸವನ್ನು ತಾನೇ ಮಾಡಿಕೊಡುತ್ತದೆ.

ಮೂರನೆಯದು ದೋಣಿಯ ಮೂತಿ. ಅದು ಅಲೆಗೆ ನೇರವಾಗಿರಬೇಕು. ಪಕ್ಕಕ್ಕೆ ತಿರುಗಿದ ದೋಣಿಯನ್ನು ಮೊಣಕಾಲು ಮಟ್ಟದ ಅಲೆಯೂ ಉರುಳಿಸಬಲ್ಲದು, ಮತ್ತು ಉರುಳುವ ದೋಣಿಯ ದಡದ ಬದಿಯಲ್ಲಿ ನಿಂತವನು ಅದಕ್ಕೂ ಮರಳಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಹೊಸಬರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಮೊದಲೇ ಹೇಳಿ: ದೋಣಿ ಅಡ್ಡ ತಿರುಗುತ್ತಿದೆ ಎನಿಸಿದ ಕ್ಷಣ ಅದರ ದಡದ ಬದಿ ಬಿಟ್ಟು ದೂರ ಓಡಬೇಕು, ಹಿಡಿದು ನಿಲ್ಲಿಸಲು ಹೋಗಬಾರದು. ದೋಣಿಯನ್ನು ದುರಸ್ತಿ ಮಾಡಿಸಬಹುದು.

ಬೆಳಗಿನ ಜಾವಕ್ಕೇ ಇಳಿಸುವ ಪದ್ಧತಿಯ ಹಿಂದೆಯೂ ಕಾರಣವಿದೆ. ಆ ಹೊತ್ತಿನಲ್ಲಿ ನೆಲದಿಂದ ಕಡಲಿಗೆ ಬೀಸುವ ಗಾಳಿ ಅಲೆಯ ತಲೆಯನ್ನು ಒತ್ತಿ ಹಿಡಿದಿರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸುತ್ತದೆ.

ವಾಪಸ್ ಬರುವಾಗ, ಇನ್ನೇನು ದಡ ಮುಟ್ಟಿತು ಎನ್ನುವಾಗಲೇ ಮಗುಚುವುದು ಏಕೆ?

ಹೋಗುವಾಗ ಅಲೆ ಕಣ್ಣೆದುರಿಗಿರುತ್ತದೆ, ಬರುವಾಗ ಬೆನ್ನ ಹಿಂದಿರುತ್ತದೆ. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಬದಿಯನ್ನು ಎತ್ತಿದಾಗ ಮೂತಿ ನೀರಿಗೆ ಹೂತುಕೊಂಡು, ಹಿಂಬದಿ ಪಕ್ಕಕ್ಕೆ ಸುತ್ತಿ, ದೋಣಿ ಅಡ್ಡವಾಗುತ್ತದೆ. ಮೀನಿನ ತೂಕ ಮುಂಭಾಗದಲ್ಲಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಅಲೆಯ ಗೆರೆ ಪ್ರವೇಶಿಸುವ ಮೊದಲೇ ಬಲೆ ಮತ್ತು ಬುಟ್ಟಿಗಳನ್ನು ನಡುವಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿ ಕಟ್ಟಬೇಕು. ಹೊರಗೆ ನಿಂತು ಕಾದು, ಒಂದು ಅಲೆಯ ಬೆನ್ನ ಮೇಲೆ ಅದರ ವೇಗದಲ್ಲೇ ಬರಬೇಕು. ಅದನ್ನು ದಾಟಿ ಮುಂದೆ ಹೋಗಲೂ ಬಾರದು, ಹಿಂದಿನ ಅಲೆ ಬಂದು ಮುಟ್ಟುವಷ್ಟು ನಿಧಾನಿಸಲೂ ಬಾರದು. ಜೀವರಕ್ಷಕ ಜಾಕೆಟ್ ಅನ್ನು ದೂರದ ಕಡಲಿನಲ್ಲಿ ಮಾತ್ರ ಬೇಕೆಂದು ತಿಳಿದು ದಡ ಕಂಡ ಕೂಡಲೇ ಬಿಚ್ಚಿಡುವವರಿದ್ದಾರೆ. ಅದು ಹೆಚ್ಚು ಬೇಕಾಗುವುದು ಈ ಕೊನೆಯ ಇನ್ನೂರು ಮೀಟರಿನಲ್ಲಿ.

ಮೊದಲು ಕೂಗು ಹಾಕಿದರೆ ಹತ್ತು ಜನ ಬರುತ್ತಿದ್ದರು, ಈಗ ನಾನು ಮತ್ತು ನನ್ನ ತಮ್ಮ ಇಬ್ಬರೇ. ದೋಣಿ ಎಳೆಯುವುದು ಹೇಗೆ?

ಈ ಪ್ರಶ್ನೆ ಕೇಳಿದವರು ಒಬ್ಬರಲ್ಲ. ಮಕ್ಕಳು ಮುಂಬೈಗೋ ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋಗಿದ್ದಾರೆ, ಉಳಿದವರು ದೊಡ್ಡ ಬೋಟುಗಳಲ್ಲಿ ದುಡಿಯುತ್ತಾರೆ. ದೋಣಿಗೆ ಕೈಕೊಟ್ಟವನಿಗೆ ಸಾರು ಮಾಡಲು ಮೀನು ಕೊಡುವ ಪದ್ಧತಿ ನಮ್ಮಲ್ಲಿತ್ತು. ಎಳೆಯುವ ಕೆಲಸ ಊರಿನ ಕೆಲಸವಾಗಿತ್ತು. ಅದು ಸಡಿಲವಾದ ಮೇಲೆ ಭಾರವೆಲ್ಲ ಮನೆಯವರ ಬೆನ್ನಿನ ಮೇಲೆ ಬಿದ್ದಿದೆ, ಮತ್ತು ಐವತ್ತು ದಾಟುವ ಮೊದಲೇ ಸೊಂಟ ಹಿಡಿದು ಕಡಲು ಬಿಟ್ಟವರನ್ನು ನಾನು ಬಲ್ಲೆ.

ಮಾಡಬಹುದಾದದ್ದು ಇಷ್ಟು. ದೋಣಿಯಿಂದ ಎಂಜಿನ್, ಇಂಧನದ ಕ್ಯಾನ್, ಬಲೆ ಎಲ್ಲವನ್ನೂ ಮೊದಲು ಇಳಿಸಿ. ಒದ್ದೆ ಬಲೆಯ ತೂಕ ನಾವು ಅಂದಾಜಿಸುವುದಕ್ಕಿಂತ ಹೆಚ್ಚು. ದುಂಡು ಮರದ ತುಂಡುಗಳ ಜಾಗದಲ್ಲಿ ದಪ್ಪ ಪಿವಿಸಿ ಪೈಪುಗಳನ್ನು ಬಳಸಿದರೆ ಹಗುರವಾಗಿ ಉರುಳುತ್ತದೆ, ಆದರೆ ಮೆತ್ತನೆಯ ಮರಳಿನಲ್ಲಿ ಪೈಪು ಹೂತುಹೋಗದಂತೆ ಅಡಿಯಲ್ಲಿ ಹಲಗೆ ಹಾಸಬೇಕು. ಉಬ್ಬರ ತುಂಬಿದ ಹೊತ್ತಿಗೆ ದಡಕ್ಕೆ ಬಂದರೆ ಎಳೆಯುವ ದೂರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಐದಾರು ದೋಣಿಯವರು ಕೂಡಿ, ದಂಡೆಯ ಮೇಲ್ಭಾಗದಲ್ಲಿ ಗಟ್ಟಿಯಾದ ಕಂಬ ಹೂಳಿ ಹಗ್ಗ ಸುತ್ತಿ ಎಳೆಯಲು ಕೈಯಿಂದ ತಿರುಗಿಸುವ ವಿಂಚ್ ಕೂರಿಸಿಕೊಂಡರೆ ಇಬ್ಬರಿಂದಲೇ ದೋಣಿ ಮೇಲೆ ಬರುತ್ತದೆ. ತೆಂಗಿನ ಮರಕ್ಕೆ ವಿಂಚ್ ಕಟ್ಟಬೇಡಿ; ಮರಳಿನಲ್ಲಿ ಅದರ ಬೇರಿನ ಹಿಡಿತ ಆ ಎಳೆತಕ್ಕೆ ಸಾಲದು. ಹಗ್ಗ ಬಿಗಿಯಾಗಿರುವಾಗ ಅದರ ನೇರದಲ್ಲಿ ಯಾರೂ ನಿಲ್ಲಬಾರದು.

ಫೈಬರ್ ದೋಣಿಯ ತಳ ವರ್ಷಕ್ಕೊಮ್ಮೆ ತೇಯುತ್ತದೆ, ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಎರಡಕ್ಕೂ ಮರಳೇ ಕಾರಣವೇ?

ಬಹುಮಟ್ಟಿಗೆ ಹೌದು. ಮರಳಿನ ಮೇಲೆ ಎಳೆದಾಗ ತಳದ ಮೇಲ್ಪದರ ಸವೆದು ಒಳಗಿನ ಗಾಜಿನ ನಾರು ಹೊರಬೀಳುತ್ತದೆ. ಅಲ್ಲಿಂದ ನೀರು ಒಳಸೇರಿ ದೋಣಿಯ ತೂಕ ಹೆಚ್ಚುತ್ತದೆ, ಎಳೆಯುವುದು ಮತ್ತಷ್ಟು ಕಷ್ಟವಾಗುತ್ತದೆ. ತಳದ ನಡುಪಟ್ಟಿಗೆ ಬದಲಾಯಿಸಬಹುದಾದ ಮರದ ಪಟ್ಟಿ ಅಥವಾ ಹೆಚ್ಚುವರಿ ಪದರ ಹಾಕಿಸಿಕೊಂಡರೆ ಸವೆತ ಅದಕ್ಕೆ ತಗಲುತ್ತದೆ.

ಔಟ್‌ಬೋರ್ಡ್ ಎಂಜಿನ್ ತಣ್ಣಗಾಗುವುದು ಅದು ಹೀರಿಕೊಳ್ಳುವ ಕಡಲ ನೀರಿನಿಂದ. ಮೊಣಕಾಲು ಮಟ್ಟದ ಕದಡಿದ ನೀರಿನಲ್ಲೇ ಎಂಜಿನ್ ಚಾಲೂ ಮಾಡಿದರೆ ನೀರಿನ ಜೊತೆ ಮರಳೂ ಒಳಗೆ ಹೋಗಿ ಪಂಪಿನ ರಬ್ಬರ್ ಚಕ್ರವನ್ನು ತಿಂದುಹಾಕುತ್ತದೆ. ಮೊದಲು ಹುಟ್ಟು ಹಾಕಿ ಸ್ವಲ್ಪ ಆಳಕ್ಕೆ ಹೋಗಿ ಆಮೇಲೆ ಎಂಜಿನ್ ಇಳಿಸಬೇಕು, ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಕೆಲವು ನಿಮಿಷ ನಡೆಸಬೇಕು.

## ಮಳೆಗಾಲ ಮತ್ತು ತೂಫಾನು

ಜೂನ್, ಜುಲೈ ನಿಷೇಧ ನಮಗೂ ಅನ್ವಯಿಸುತ್ತದೆಯೇ? ಆಗ ದೋಣಿ ಎಲ್ಲಿಡಬೇಕು?

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಎಂಜಿನ್ ಇಲ್ಲದ ದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೂ ವಿನಾಯಿತಿ ಇದೆ. ಹೀಗಾಗಿ ನಾಡದೋಣಿಯವರಿಗೆ ಇದು ದುಡಿಮೆಯ ಕಾಲ; ಆದರೆ ಇಳಿಸಲು ಅತ್ಯಂತ ಕಷ್ಟವಾದ ಕಾಲವೂ ಇದೇ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೊಚ್ಚಿ ಹೊರಗಿನ ದಿಬ್ಬಗಳಿಗೆ ಸಾಗಿಸುತ್ತವೆ, ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನವಾಗಿ ಹಿಂದಕ್ಕೆ ತರುತ್ತವೆ. ಬೇಸಿಗೆಯಲ್ಲಿ ಐವತ್ತು ಹೆಜ್ಜೆ ಅಗಲವಿದ್ದ ದಂಡೆ ಜುಲೈಯಲ್ಲಿ ಕಡಿದಾದ ದರೆಯಾಗಿ ನಿಂತಿರುತ್ತದೆ. ಆದ್ದರಿಂದ ಮೇ ತಿಂಗಳಿನಲ್ಲೇ ದೋಣಿಯನ್ನು ಹೊಳೆಯ ಒಳಗೆ ಸಾಗಿಸುವುದೋ, ತೆಂಗಿನ ತೋಟದವರೆಗೆ ಏರಿಸಿಡುವುದೋ ಎಂಬುದನ್ನು ತೀರ್ಮಾನಿಸಬೇಕು. ಏರಿಸಿಟ್ಟ ದೋಣಿಯೊಳಗೆ ಮಳೆನೀರು ತುಂಬಿ ಅದರ ಭಾರಕ್ಕೇ ತಳ ಬಿರಿಯುವುದುಂಟು. ತಳದ ಬಿರಡೆ ತೆಗೆದು, ಒಂದು ಬದಿ ತಗ್ಗಿಸಿ ಇಡಿ.

ತೂಫಾನಿನ ಎಚ್ಚರಿಕೆ ಬಂದ ದಿನ ದೋಣಿ ಎಳೆಯುವುದೋ, ಕಟ್ಟಿ ಬಿಡುವುದೋ?

ಎಳೆಯಬೇಕು, ಮತ್ತು ಕಡಲು ಕೆರಳುವ ಮೊದಲೇ ಎಳೆಯಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ತೀರಕ್ಕೆ ಅಪ್ಪಳಿಸದೆ ಹೊರಗಿನಿಂದಲೇ ಉತ್ತರಕ್ಕೆ ಸಾಗಿತು, ಆದರೂ ಅದರ ಅಲೆಗಳು ಮೂರೂ ಜಿಲ್ಲೆಗಳ ದಂಡೆಗೆ ನುಗ್ಗಿದವು. ಚಂಡಮಾರುತ ದೂರವಿದೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ ಎಂದು ಅಂದು ತಿಳಿಯಿತು. ಎಂಜಿನ್ ಮತ್ತು ಬಲೆ ಮನೆ ಸೇರಲಿ, ದೋಣಿಗಳನ್ನು ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಎರಡು ಕಡೆಯಿಂದ ಕಟ್ಟಿ. ದೋಣಿ ತೇಲಿಹೋದರೆ ಹಿಂದೆ ಈಜಬೇಡಿ. ಕರಾವಳಿ ಕಾವಲು ಪೊಲೀಸರ 1093ಕ್ಕೆ, ಕಡಲಿನಲ್ಲಿ ಜನ ಸಿಕ್ಕಿಕೊಂಡಿದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ.

## ದಂಡೆಯೇ ಇಲ್ಲವಾದಾಗ

ಕಡಲ್ಕೊರೆತಕ್ಕೆ ಕಲ್ಲು ಹಾಕಿದರು, ಮನೆ ಉಳಿಯಿತು. ಆದರೆ ದೋಣಿ ಇಳಿಸುವ ಜಾಗವೇ ಹೋಯಿತು. ಈಗ ಯಾರನ್ನು ಕೇಳುವುದು?

ನನಗೆ ಬಂದ ಪ್ರಶ್ನೆಗಳಲ್ಲಿ ಮನಸ್ಸನ್ನು ಹೆಚ್ಚು ಕಲಕಿದ್ದು ಇದು, ಏಕೆಂದರೆ ನಮ್ಮ ಊರಿನಲ್ಲೂ ಹೀಗೆಯೇ ಆಯಿತು. ಮನೆಯ ಅಂಗಳಕ್ಕೆ ನೀರು ಬಂದ ರಾತ್ರಿ ಕಲ್ಲು ಬೇಡ ಎನ್ನುವವರು ಯಾರೂ ಇರಲಿಲ್ಲ. ನಾವೇ ಲಾರಿಗೆ ದಾರಿ ತೋರಿಸಿದೆವು. ಕಲ್ಲು ಬಿದ್ದ ಎರಡು ಮಳೆಗಾಲದೊಳಗೆ ಅದರ ಮುಂದಿನ ಮರಳು ಇಲ್ಲವಾಯಿತು, ದೋಣಿಗಳು ಮೂರು ಕಿಲೋಮೀಟರ್ ಆಚೆಯ ದಂಡೆಗೆ ಹೋದವು. ಅಲ್ಲಿಯವರಿಗೂ ಜಾಗ ಸಾಲದೆ ಮಾತಿಗೆ ಮಾತು ಬೆಳೆಯಿತು.

ಮರಳಿನ ಇಳಿಜಾರು ಅಲೆಯ ಬಲವನ್ನು ಹೀರಿಕೊಳ್ಳುತ್ತದೆ. ಕಲ್ಲಿನ ಗೋಡೆ ಅದನ್ನು ಹಿಂದಕ್ಕೆ ತಳ್ಳುತ್ತದೆ, ಹಿಂದೆ ಬಿದ್ದ ನೀರು ಗೋಡೆಯ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಹೆಚ್ಚುತ್ತದೆ. ಹೀಗಾಗಿ ಪಕ್ಕದವರಿಗೂ ಕಲ್ಲು ಬೇಕಾಗುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಡಿ ಅಲೆಯನ್ನು ದಡಕ್ಕಿಂತ ಹೊರಗೇ ತಡೆಯುವ ರಚನೆಗಳನ್ನು ನಿರ್ಮಿಸಿದ್ದು ಇದನ್ನು ಮನಗಂಡೇ. ಮರವಂತೆಯಂಥ ಕಡೆ, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66 ಇರುವಾಗ ರಸ್ತೆ ಉಳಿಸಲು ಕಲ್ಲು ಬೇಡ ಎನ್ನಲಾಗದು ಎಂಬುದನ್ನೂ ಒಪ್ಪಬೇಕು.

ಆದ್ದರಿಂದ ಕೇಳಬೇಕಾದದ್ದನ್ನು ಖಚಿತವಾಗಿ ಕೇಳಿ. ತಡೆಗೋಡೆಯ ಅಂದಾಜುಪಟ್ಟಿ ತಯಾರಾಗುವ ಮೊದಲೇ, ದೋಣಿ ಇಳಿಸುವ ಜಾಗಗಳನ್ನು ಗುರುತಿಸಿ ಅಲ್ಲಿ ತೆರವು ಬಿಡುವಂತೆ ಗ್ರಾಮ ಪಂಚಾಯಿತಿಯ ನಿರ್ಣಯ ಮಾಡಿಸಿ, ಅದನ್ನು ಕಾಮಗಾರಿ ನಡೆಸುವ ಇಲಾಖೆಗೂ ಮೀನುಗಾರಿಕೆ ಇಲಾಖೆಗೂ ಕೊಡಿ. ಬರೀ ತೆರವು ಬಿಟ್ಟರೆ ಅಲೆ ಅದರ ಮೂಲಕ ಒಳನುಗ್ಗುತ್ತದೆ. ಗೋಡೆಯ ಎರಡು ತುದಿಗಳು ಒಂದರ ಮೇಲೊಂದು ಸರಿದಂತೆ, ಓರೆಯಾಗಿ ದಾರಿ ಬಿಡುವ ವಿನ್ಯಾಸವನ್ನು ಕೇಳಿ. ಗೋಡೆ ಈಗಾಗಲೇ ಆಗಿದ್ದರೆ, ದುರಸ್ತಿಯ ಹಣ ಬಂದಾಗ ಅದೇ ಬೇಡಿಕೆಯನ್ನು ಮುಂದಿಡಬಹುದು.

ಬಂದರಿಗೆ ಬ್ರೇಕ್‌ವಾಟರ್ ಕಟ್ಟಿದ ಮೇಲೆ ಒಂದು ಬದಿಯಲ್ಲಿ ಮರಳು ತುಂಬಿತು, ನಮ್ಮ ಬದಿಯಲ್ಲಿ ಹೋಯಿತು. ಎರಡಕ್ಕೂ ಸಂಬಂಧವಿದೆಯೇ?

ಇರುತ್ತದೆ. ಅಲೆ ದಡಕ್ಕೆ ಓರೆಯಾಗಿ ಬಂದಾಗ ಮರಳು ತೀರದ ಉದ್ದಕ್ಕೂ ಸಾಗುತ್ತದೆ, ಋತುವಿನೊಂದಿಗೆ ಅದರ ದಿಕ್ಕೂ ಬದಲಾಗುತ್ತದೆ. ಕಡಲಿಗೆ ಚಾಚಿದ ಕಲ್ಲಿನ ತೋಳು ಈ ಸಾಗಾಟಕ್ಕೆ ಅಡ್ಡ ನಿಂತರೆ ಮರಳು ಬರುವ ಬದಿಯಲ್ಲಿ ನಿಂತು, ಆಚೆ ಬದಿಗೆ ಬರಬೇಕಾದದ್ದು ಬಾರದಾಗುತ್ತದೆ. ಹೊಳೆಗಳಿಂದ ಬರುವ ಮರಳೂ ಕಡಿಮೆಯಾಗಿದೆ: ಅಣೆಕಟ್ಟುಗಳು ಹೂಳನ್ನು ಹಿಡಿದಿಡುತ್ತವೆ, ಉಳಿದದ್ದನ್ನು ನಾವು ಮನೆ ಕಟ್ಟಲು ತೆಗೆಯುತ್ತೇವೆ. ನಿಮ್ಮ ಊರಿನ ಮಟ್ಟಿಗೆ ಕಾರಣ ಯಾವುದೆಂದು ತೋರಿಸಲು ಛಾಯಾಚಿತ್ರವೂ ಅಳತೆಯೂ ಬೇಕು. ಪ್ರತಿ ತಿಂಗಳ ಅಮಾವಾಸ್ಯೆಯಂದು, ಒಂದೇ ಗುರುತಿನ ಕಂಬದ ಬಳಿ ನಿಂತು, ನೀರಿನವರೆಗಿನ ದೂರವನ್ನು ಅಳೆದು ದಿನಾಂಕದೊಂದಿಗೆ ಬರೆದಿಡಿ. ಇಳಿತದ ಹೊತ್ತಿಗೇ ಪ್ರತಿ ಸಲವೂ ಅಳೆಯಿರಿ.

ದೊಡ್ಡ ಬಂದರು ಬಂದರೆ ಊರು ಉದ್ಧಾರವಾಗುತ್ತದೆ, ನೀವು ಅಡ್ಡಿ ಮಾಡುತ್ತೀರಿ ಎನ್ನುತ್ತಾರೆ. ಏನು ಹೇಳುವುದು?

ಹಿಂದೆ ನಡೆದದ್ದನ್ನು ಹೇಳಿ. ನವಮಂಗಳೂರು ಬಂದರಿಗಾಗಿ ಪಣಂಬೂರಿನ ದಂಡೆಯ ಒಂದು ಭಾಗ ಹೋಯಿತು. ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆಗಾಗಿ ಹಲವು ಊರುಗಳ ಮೀನುಗಾರರು ತಮ್ಮ ದಂಡೆ ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. 2020ರ ಜನವರಿಯಲ್ಲಿ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಬಳಿ ವಾಣಿಜ್ಯ ಬಂದರಿನ ವಿಸ್ತರಣೆ ಆರಂಭವಾದಾಗ ಮೀನುಗಾರರು ಬೀದಿಗಿಳಿದದ್ದು, ದಕ್ಷಿಣದ ದಂಡೆಗಳು ಹೋದ ಮೇಲೆ ತಮಗೆ ಉಳಿದ ತೆರೆದ ದಂಡೆ ಅದೊಂದೇ ಎಂಬ ಕಾರಣಕ್ಕೆ. ದೇಶಕ್ಕೆ ನೌಕಾನೆಲೆಯೂ ಬೇಕು, ಬಂದರೂ ಬೇಕು. ಆದರೆ ಮನೆಗೂ ಜಮೀನಿಗೂ ಪರಿಹಾರದ ಲೆಕ್ಕ ಹಾಕುವವರು ದೋಣಿ ಇಳಿಸುತ್ತಿದ್ದ ಮರಳಿಗೆ ಲೆಕ್ಕವನ್ನೇ ಇಡುವುದಿಲ್ಲ ಎಂಬುದು ನನ್ನ ಮುಖ್ಯ ದೂರು.

ಬೀಚ್ ಸ್ವಚ್ಛವಾಗಿ ಕಾಣಬೇಕು, ದೋಣಿ ತೆಗೆಯಿರಿ ಎಂದು ಒತ್ತಾಯಿಸುತ್ತಾರೆ. ತೆಗೆಯಲೇಬೇಕೇ?

ಬಾಯಿಮಾತಿಗೆ ತೆಗೆಯಬೇಕಾಗಿಲ್ಲ, ಆದೇಶವಿದ್ದರೆ ಬರಹದಲ್ಲಿ ಕೇಳಿ. 2020ರಲ್ಲಿ ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ, ಸ್ವಚ್ಛ ಕಡಲತೀರಕ್ಕೆಂದು ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದ ಮೇಲೆ ಪ್ರವಾಸೋದ್ಯಮದ ಆಸೆ ಎಲ್ಲ ಊರುಗಳಲ್ಲೂ ಹೆಚ್ಚಿದೆ, ಅದು ತಪ್ಪೂ ಅಲ್ಲ. ಈಜುವವರಿಗೂ ದೋಣಿಯ ಪ್ರೊಪೆಲ್ಲರಿಗೂ ಅಂತರವಿರಬೇಕಾದದ್ದು ನಿಜ. ಪಂಚಾಯಿತಿಯ ಸಭೆಯಲ್ಲಿ ದಂಡೆಯನ್ನು ಗುರುತಿಸಿ ಹಂಚಿಕೊಳ್ಳಬಹುದು. ಹಂಚುವಾಗ ಅಲೆ ಕಡಿಮೆ ಒಡೆಯುವ ಜಾಗ ದೋಣಿಗೆ ಸಿಗಬೇಕು, ಏಕೆಂದರೆ ಪ್ರವಾಸಿ ಎಲ್ಲಿಯಾದರೂ ಕುಳಿತುಕೊಳ್ಳಬಹುದು.

## ಹಕ್ಕು, ಕಾಗದ ಮತ್ತು ಬೇಡಿಕೆ

ಅಜ್ಜನ ಕಾಲದಿಂದ ದೋಣಿ ಇಡುವ ಜಾಗಕ್ಕೆ ನಮಗೆ ಹಕ್ಕುಪತ್ರ ಸಿಗುತ್ತದೆಯೇ? ಒಂದು ಶೆಡ್ಡಾದರೂ ಕಟ್ಟಬಹುದೇ?

ದಂಡೆ ಸರ್ಕಾರದ್ದು, ಅಂದರೆ ಎಲ್ಲರದ್ದು. ಅದಕ್ಕೆ ಖಾಸಗಿ ಹಕ್ಕುಪತ್ರವನ್ನು ನಿರೀಕ್ಷಿಸಬೇಡಿ. ಆದರೆ ಬಳಕೆಯನ್ನು ದಾಖಲೆಗೆ ತರುವ ದಾರಿಯಿದೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಮೀನುಗಾರರ ಊರುಗಳು, ಅವರ ಸಾಮೂಹಿಕ ಆಸ್ತಿಗಳು, ಜೆಟ್ಟಿ, ಮೀನು ಒಣಗಿಸುವ ಜಾಗ ಮುಂತಾದವನ್ನು ಕರಾವಳಿ ನಿರ್ವಹಣಾ ನಕ್ಷೆಯಲ್ಲಿ ಗುರುತಿಸಬೇಕೆಂದು ಹೇಳಿತ್ತು. ಬಲೆ ದುರಸ್ತಿಯ ಜಾಗ, ಹರಾಜು ಕಟ್ಟೆ, ಸಾಂಪ್ರದಾಯಿಕ ದೋಣಿ ಕಟ್ಟುವ ಜಾಗಗಳಿಗೆ ಅವಕಾಶವನ್ನೂ ಇಟ್ಟಿತ್ತು. ಅದರ ಬದಲಿಗೆ 2019ರ ಜನವರಿ 18ರ ಅಧಿಸೂಚನೆ ಬಂದಿದೆ. ನಿಮ್ಮ ಊರಿನ ನಕ್ಷೆಯನ್ನು ತರಿಸಿ ನೋಡಿ. ದೋಣಿ ಇಡುವ ಜಾಗ ಅದರಲ್ಲಿ ಬರೀ ಮರಳೆಂದು ಕಾಣಿಸಿದ್ದರೆ, ಆಕ್ಷೇಪಣೆಯನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಕರಾವಳಿ ಸಮಿತಿಗೆ ಬರೆಯಿರಿ. ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಆ ಸಮಿತಿಯಲ್ಲಿ ಇರಬೇಕೆಂಬ ನಿಯಮವಿದೆ. ಒಬ್ಬರ ಹೆಸರಿನ ಪಕ್ಕಾ ಶೆಡ್ಡಿಗಿಂತ ಸಂಘದ ಹೆಸರಿನ ಬಲೆಮನೆಗೆ ಅನುಮತಿ ಸಿಗುವ ಸಾಧ್ಯತೆ ಹೆಚ್ಚು.

ದೋಣಿ ದಂಡೆಯಲ್ಲೇ ಒಡೆದುಹೋದರೆ ಪರಿಹಾರ ಸಿಗುತ್ತದೆಯೇ?

ನೋಂದಣಿಯಿಲ್ಲದ ದೋಣಿ ಸರ್ಕಾರದ ಕಣ್ಣಿಗೆ ಇಲ್ಲದ ದೋಣಿ. ಮೀನುಗಾರಿಕೆ ಇಲಾಖೆಯ ಮೂಲಕ, ದೋಣಿಗಳ ಆನ್‌ಲೈನ್ ನೋಂದಣಿಗಿರುವ ರಿಯಲ್‌ಕ್ರಾಫ್ಟ್ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಿ, ಪರವಾನಗಿಯನ್ನು ನವೀಕರಿಸುತ್ತಿರಿ. ಹಾನಿಯಾದ ದಿನವೇ, ದೋಣಿಯನ್ನು ಸರಿಸುವ ಮೊದಲು, ನೋಂದಣಿ ಸಂಖ್ಯೆ ಕಾಣುವಂತೆ ಛಾಯಾಚಿತ್ರ ತೆಗೆದು ಇಲಾಖೆಗೂ ಗ್ರಾಮ ಆಡಳಿತಾಧಿಕಾರಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

ನಮ್ಮ ಊರಿಗೆ ಜೆಟ್ಟಿ ಕೇಳಬೇಕೋ, ಇಳಿಜಾರು ಕಟ್ಟೆ ಕೇಳಬೇಕೋ? ಸಂಘದಲ್ಲಿ ಎರಡು ಪಕ್ಷವಾಗಿದೆ.

ದೋಣಿಗಳ ಸಂಖ್ಯೆಗಿಂತ ಮೊದಲು ದಂಡೆಯ ಸ್ವಭಾವವನ್ನು ನೋಡಿ ತೀರ್ಮಾನಿಸಿ. ತೆರೆದ ಕಡಲಿಗೆ ಕಟ್ಟಿದ ಜೆಟ್ಟಿಗೆ ಮರೆಯಿಲ್ಲದಿದ್ದರೆ ವರ್ಷದಲ್ಲಿ ಹಲವು ತಿಂಗಳು ಅದರ ಪಕ್ಕ ದೋಣಿ ನಿಲ್ಲುವಂತಿಲ್ಲ. ಮರೆಗೆ ಬ್ರೇಕ್‌ವಾಟರ್ ಬೇಕು, ಅದು ಬಂದರೆ ಮರಳಿನ ಸಾಗಾಟ ತಪ್ಪಿ ಹೂಳು ತುಂಬುತ್ತದೆ, ಹೂಳು ತೆಗೆಯುವ ಖರ್ಚು ಪ್ರತಿ ವರ್ಷದ್ದು. ಹೊಳೆಯ ಒಳಗಾದರೆ ಸಣ್ಣ ಜೆಟ್ಟಿ ಒಳ್ಳೆಯದು, ಆದರೆ ಅದು ತಗ್ಗಾಗಿದ್ದು ಮೆಟ್ಟಿಲುಗಳಿರಬೇಕು. ತೆರೆದ ದಂಡೆಯಲ್ಲಿ ನಾನು ಇಳಿಜಾರು ಕಟ್ಟೆಯ ಪಕ್ಷ. ಅದರ ಕೆಳತುದಿ ಇಳಿತದ ನೀರಿನ ಮಟ್ಟಕ್ಕಿಂತಲೂ ಕೆಳಗಿರಬೇಕು. ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ತುದಿಯ ಅಡಿಯ ಮರಳು ಹೋಗಿ ಕಾಂಕ್ರೀಟು ತೂಗಾಡುತ್ತದೆ. ಮೇಲ್ತುದಿಯಲ್ಲಿ ವಿಂಚಿಗೆ ಅಡಿಪಾಯ, ದೀಪ, ದೋಣಿ ಸಾಲಾಗಿ ಇಡಲು ಸಮತಟ್ಟು ಜಾಗ ಮತ್ತು ಬಂಡಿ ಬರುವಷ್ಟು ರಸ್ತೆ ಇರಬೇಕು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನು ಇಳಿದಾಣಗಳ ಅಭಿವೃದ್ಧಿಗೆ ಅವಕಾಶವಿರುವುದರಿಂದ ಇವೆಲ್ಲವನ್ನೂ ಬಿಡಿ ಬಿಡಿಯಾಗಿ ಕೇಳದೆ ಒಂದೇ ಪ್ರಸ್ತಾವವಾಗಿ ಕೊಡಿ. ಜಾಗ ಆರಿಸುವ ದಿನ ಎಂಜಿನಿಯರ್ ಬಂದಾಗ, ಮಳೆಗಾಲದಲ್ಲಿ ಆ ದಂಡೆಯಿಂದ ದೋಣಿ ಇಳಿಸಿದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಲೆ ಯಾವ ಮೂಲೆಯಲ್ಲಿ ಕಡಿಮೆ ಒಡೆಯುತ್ತದೆ ಎಂಬುದನ್ನು ಅವರು ಮರಳಿನ ಮೇಲೆ ಗೆರೆ ಎಳೆದು ತೋರಿಸುತ್ತಾರೆ.